ಪರದೆ ಕಾಂಪೌಂಡಿನಲ್ಲಲ್ಲ, ಬೆಂಚಿನ ಪಕ್ಕದಲ್ಲಿ

ಪುಣೆಯ ಧಾಯರಿಯಲ್ಲಿ ನಮ್ಮದು ರೋ ಹೌಸ್. ಹಿತ್ತಲು ಸುಮಾರು ಮೂವತ್ತು ಅಡಿ ಅಗಲ. 2019ರಲ್ಲಿ ಹಿಂದಿನ ಖಾಲಿ ಜಾಗದಲ್ಲಿ ಏಳಂತಸ್ತಿನ ಕಟ್ಟಡ ಎದ್ದಿತು. ಅಂದಿನಿಂದ ಅತ್ತೆಯವರು ಹಿತ್ತಲಿಗೆ ಬರುವುದನ್ನೇ ಬಿಟ್ಟರು. ಕುಂದಾಪುರದ ಮನೆಯಲ್ಲಿ ಅಂಗಳದಲ್ಲೇ ದಿನ ಕಳೆದವರು, ಇಲ್ಲಿ ಅಷ್ಟೊಂದು ಬಾಲ್ಕನಿಗಳ ಎದುರು ಕುಳಿತು ಹಪ್ಪಳ ಒಣಗಿಸಲು ಅವರಿಗೆ ಮನಸ್ಸಾಗಲಿಲ್ಲ. ನಾನು ಗಿಡಗಳ ಪರದೆ ಮಾಡುತ್ತೇನೆ ಎಂದಾಗ ನಮ್ಮ ಭಾವ, ‘ಏಳು ಅಂತಸ್ತಿಗೆ ಯಾವ ಗಿಡ ಅಡ್ಡ ನಿಲ್ಲುತ್ತದಮ್ಮಾ? ಶೀಟ್ ಹಾಕಿಸಿಬಿಡು’ ಎಂದರು. ಶೀಟಿನವನು ನಲವತ್ತೆಂಟು ಸಾವಿರ ಕೇಳಿದ. ಗಿಡಗಳಿಗೆ ನನಗೆ ಬಿದ್ದ ಖರ್ಚು, ಕಳೆದುಕೊಂಡದ್ದೂ ಸೇರಿ, ಮೂವತ್ತು ಸಾವಿರದ ಆಸುಪಾಸು. ಅದರಲ್ಲಿ ಹತ್ತು ಹನ್ನೊಂದು ಸಾವಿರ ಬರೀ ತಪ್ಪುಗಳಿಗೆ ಹೋಯಿತು.

ಮೊದಲ ತಪ್ಪು ಅರೆಕಾ ಪಾಮ್. ಉರುಳಿ ಕಾಂಚನ್‌ನ ನರ್ಸರಿಯಿಂದ ಆರಡಿ ಎತ್ತರದ ಹದಿನಾಲ್ಕು ಗಿಡ, ಒಂದಕ್ಕೆ ನಾನೂರೋ ನಾನೂರೈವತ್ತೋ ಕೊಟ್ಟು, ಟೆಂಪೋ ಬಾಡಿಗೆ ಬೇರೆ ಕೊಟ್ಟು ತಂದೆ. ಮೊದಲ ಮಳೆಗಾಲದಲ್ಲಿ ನೋಡಿದವರೆಲ್ಲ ಹೊಗಳಿದರು. ಏಪ್ರಿಲ್ ಬಂತು, ಬಿಸಿಲು ನಲವತ್ತು ಡಿಗ್ರಿಗೆ ಏರಿತು, ಟ್ಯಾಂಕರಿನ ಗಡಸು ನೀರು ಬೇರೆ. ಗರಿಗಳ ತುದಿ ಸುಟ್ಟು ಕಂದಾಯಿತು. ಕಿತ್ತು ನೋಡಿದರೆ ಬೇರುಗಳು ಚೀಲದ ಆಕಾರದಲ್ಲಿಯೇ ಸುತ್ತಿಕೊಂಡಿದ್ದವು, ಹೊರಗಿನ ಮಣ್ಣಿಗೆ ಇಳಿದೇ ಇರಲಿಲ್ಲ. ಅಂದಿನಿಂದ ಎತ್ತರದ ಗಿಡವನ್ನು ದುಡ್ಡು ಕೊಟ್ಟು ತರುವುದನ್ನು ನಿಲ್ಲಿಸಿದೆ.

ಎರಡನೆಯದು ಮಧುಮಾಲತಿ. ಗೋಡೆಗೆ ತಂತಿ ಕಟ್ಟಿ ಹಬ್ಬಿಸಿದೆ. ಒಂದೇ ವರ್ಷದಲ್ಲಿ ಹನ್ನೆರಡು ಅಡಿ ಹೋಯಿತು, ಹೂವೂ ಬಂತು, ಆದರೆ ಎಲೆಯೆಲ್ಲ ಮೇಲೆ. ಕೆಳಗಿನ ಐದಡಿ ಹಗ್ಗದಂಥ ಕಾಂಡ ಮಾತ್ರ. ಪಕ್ಕದ ಮನೆಯವರ ಕಿಟಕಿಯ ಗ್ರಿಲ್ಲಿಗೆ ಚೆನ್ನಾದ ಪರದೆಯಾಯಿತು, ನಮಗಲ್ಲ. ಅಶೋಕದ ಸಾಲನ್ನು ಭಾವನವರ ಮನೆಯಲ್ಲಿಯೇ ನೋಡಿದ್ದೆ, ಒತ್ತಾಗಿ ನೆಟ್ಟರೆ ಬುಡ ಬೋಳಾಗುತ್ತದೆ, ಅದನ್ನು ಮುಟ್ಟಲಿಲ್ಲ. ನರ್ಸರಿಯವರು ಈಗಲೂ ಬೇಗ ಬೆಳೆಯುವ ಕೊನೊಕಾರ್ಪಸ್ ಮರ ಹಾಕಿ ಎನ್ನುತ್ತಾರೆ. ಅದರ ಬೇರು ಪೈಪು, ಚರಂಡಿಗಳನ್ನು ಹಾಳು ಮಾಡುತ್ತದೆ ಎಂದು 2023ರಲ್ಲಿ ಗುಜರಾತ್ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿದೆ. ಅಂಥದ್ದನ್ನು ನಾನು ನೀರಿನ ಪೈಪಿನ ಪಕ್ಕ ಯಾಕೆ ತರಲಿ?

ನನ್ನ ಲೆಕ್ಕ ಬದಲಾದದ್ದು ಒಂದು ಬಿದಿರು ಕೋಲಿನಿಂದ. ಹಿಂದಿನ ಕಟ್ಟಡದ ಮೂರನೆಯ ಅಂತಸ್ತಿನ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ನನಗೆ ಗೆಳತಿ. ಅವರನ್ನು ಬಾಲ್ಕನಿಯಲ್ಲಿ ನಿಲ್ಲಿಸಿ, ಅತ್ತೆಯವರನ್ನು ಹಿತ್ತಲಿನ ಬೆಂಚಿನಲ್ಲಿ ಕೂರಿಸಿ, ಕೋಲಿನ ತುದಿಗೆ ಕೆಂಪು ಬಟ್ಟೆ ಕಟ್ಟಿ ಹಿಡಿದೆ. ಬಟ್ಟೆ ಅತ್ತೆಯವರ ಮುಖಕ್ಕೆ ಅಡ್ಡ ಬಂದಾಗ ಹೇಳಿ ಎಂದು ಮೊಬೈಲಿನಲ್ಲಿ ಹೇಳಿದ್ದೆ. ಬೆಂಚಿನಿಂದ ಹದಿನೆಂಟು ಅಡಿ ದೂರದ ಕಾಂಪೌಂಡಿನ ಬಳಿ ನಿಂತಾಗ ಬಟ್ಟೆಯನ್ನು ಹದಿನೈದು ಅಡಿಗಿಂತ ಮೇಲೆ ಎತ್ತಬೇಕಾಯಿತು. ಬೆಂಚಿನಿಂದ ಐದಡಿಯಲ್ಲಿ ನಿಂತಾಗ ಏಳಡಿ ಸಾಕಾಯಿತು! ಎರಡು ವರ್ಷ ನಾನು ಗೋಡೆಯ ಮೇಲೆ ಎತ್ತರ ಹುಡುಕುತ್ತಿದ್ದೆ. ಬೇಕಾಗಿದ್ದದ್ದು ಕುಳಿತವರ ಹತ್ತಿರ ಬರುವುದು.

2021ರ ಜೂನಿನಲ್ಲಿ ಬೆಂಚಿನಿಂದ ಐದಡಿ ದೂರದಲ್ಲಿ ಕಬ್ಬಿಣದ ಪೈಪಿನ ಹಂದರ ನಿಲ್ಲಿಸಿದೆ. ಹದಿನಾರು ಅಡಿ ಉದ್ದ, ಒಂಬತ್ತು ಅಡಿ ಎತ್ತರ. ಮೇಲಿನ ಎರಡಡಿಯನ್ನು ಬೆಂಚಿನ ಕಡೆಗೆ ಬಾಗಿಸಿದೆ. ಏಳನೆಯ ಅಂತಸ್ತಿಗೂ ಅಡ್ಡ ನಿಂತದ್ದು ಆ ಬಾಗು. ವೆಲ್ಡರ್ ಇದಕ್ಕೆ ಒಪ್ಪಲು ಎರಡು ದಿನ ಹಿಡಿಯಿತು. ಪೈಪು, ಜಾಲರಿ, ಕೂಲಿ ಸೇರಿ ಹನ್ನೆರಡು ಸಾವಿರ ಇರಬಹುದು. ಕಾಂಕ್ರೀಟಿನಲ್ಲಿ ಎರಡಡಿ ಹೂತಿದ್ದೇನೆ, ಇದರಲ್ಲಿ ಕಂಜೂಸುತನ ಬೇಡ. ಹಿಂದಿನ ಮೇ ತಿಂಗಳಲ್ಲಿ ಹಸಿರು ನೆಟ್ ಕಟ್ಟಿದ್ದ ನನ್ನ ಬಿದಿರಿನ ಚೌಕಟ್ಟನ್ನು ಮುಂಗಾರಿನ ಮೊದಲಿನ ಒಂದೇ ಗಾಳಿ ಅಂಗಾತ ಮಲಗಿಸಿತ್ತು. ಎಲೆಗಳ ನಡುವೆ ಗಾಳಿ ನುಸುಳಿ ಹೋಗುತ್ತದೆ, ನೆಟ್ ಹಾಯಿಯಂತೆ ತುಂಬಿಕೊಳ್ಳುತ್ತದೆ.

ಕೆಳಗೆ ಒಂದೂವರೆ ಅಡಿಗೇ ಗಟ್ಟಿ ಮುರುಮು, ಕಲ್ಲಿನಂಥ ಮಣ್ಣು. ಒಂದೊಂದು ಗಿಡಕ್ಕೆ ಗುಂಡಿ ತೋಡದೆ ಉದ್ದಕ್ಕೂ ಕಾಲುವೆ ತೋಡಿಸಿದೆ, ಪಿಕಾಸಿಯಿಂದ ಮೂರು ದಿನದ ಕೆಲಸ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿದೆ. ಹಂದರದ ಮೇಲಕ್ಕೆ ಪರದೆ ಬಳ್ಳಿ, ನರ್ಸರಿಯಲ್ಲಿ ಪರ್ದಾ ಬೇಲ್ ಎಂದು ಕೇಳಬೇಕು. ಅದರ ಗುಣವೇ ತಲೆಯಿಂದ ಕೆಳಗೆ ಜೋಲುವುದು. ಹಂದರದ ಬುಡಕ್ಕೆ ಕಾಮಿನಿ ಎಂಬ ಪೊದೆಗಿಡ, ಮರಾಠಿಯವರು ಅದನ್ನು ಕುಂತಿ ಎನ್ನುತ್ತಾರೆ. ಒಂದಡಿಯ ಎಳೆ ಗಿಡಗಳು, ನಲವತ್ತು ರೂಪಾಯಿಯಂತೆ ಹನ್ನೆರಡು.

ಕಾಮಿನಿ ಮೊಣಕಾಲೆತ್ತರಕ್ಕೆ ಬರುವ ಮೊದಲೇ ತಲೆ ಕತ್ತರಿಸಿದೆ. ತೋಟದ ಕೆಲಸದ ಮಾಳಿ ಕಾಕಾ ಕತ್ತರಿಯನ್ನೇ ಕಸಿದುಕೊಂಡರು. ‘ತಾಯಿ, ಎತ್ತರ ಬೇಕೆಂದು ನೆಟ್ಟು ಕುಳ್ಳು ಮಾಡುತ್ತೀರಾ?’ ಆದರೆ ಬುಡದಲ್ಲಿ ಕವಲು ಒಡೆಯುವುದು ಆಗಲೇ. ಮೊದಲ ಎರಡು ಮಳೆಗಾಲ ಪ್ರತಿ ಆರೇಳು ವಾರಕ್ಕೊಮ್ಮೆ ಕತ್ತರಿಸಿದೆ, ಬುಡ ಅಗಲ, ತಲೆ ಕಿರಿದು. ಈಗ ನಾಲ್ಕೂವರೆ ಅಡಿ, ನೆಲದವರೆಗೂ ಎಲೆ, ಆಚೆಯಿಂದ ಕೈ ತೂರಿಸಿದರೆ ಈಚೆಗೆ ಬೆರಳು ಕಾಣಿಸುವುದಿಲ್ಲ. ಬಳ್ಳಿಯನ್ನು ಐದಡಿಯ ಮಟ್ಟದಲ್ಲಿ ಸವರುತ್ತೇನೆ, ಇಲ್ಲದಿದ್ದರೆ ಕಾಮಿನಿಗೆ ಬೆಳಕು ಸಿಗುವುದಿಲ್ಲ. ಬಳ್ಳಿಯನ್ನು ಜಾಲರಿಗೆ ಯಾವ ಕ್ರಮದಲ್ಲಿ ಕಟ್ಟಿದೆ, ಜನವರಿಯಲ್ಲಿ ಬುಡಕ್ಕೆ ಏನು ಹಾಕುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಾಲ್ಕು ವರ್ಷ ಕಲಿತದ್ದು ಅದು.

ಬಳ್ಳಿ ತುಂಬುವವರೆಗಿನ ಮೊದಲ ವರ್ಷ ಹಂದರ ಬೋಳಾಗಿತ್ತಲ್ಲ, ಅಲ್ಲಿ ಬಸಳೆ ಬಿಟ್ಟೆ. ಊರಿನಲ್ಲಿ ಚಪ್ಪರದ ಮೇಲೆ ಮಲಗಿ ಬೆಳೆಯುವ ಬಸಳೆ ನೆಟ್ಟಗೂ ಏರುತ್ತದೆ. ಆಗಸ್ಟಿನಲ್ಲಿ ಎಂಟಡಿ ದಟ್ಟ ಹಸಿರು! ಆದರೆ ಗುರುವಾರ ಸಾರಿಗೆ ಕಿತ್ತರೆ ಭಾನುವಾರ ಆ ಜಾಗದಲ್ಲಿ ಕಿಂಡಿ. ಕೊನೆಗೆ ಒಂದು ಕಡೆಯ ಮೂರಡಿಯನ್ನು ಅಡಿಗೆಗೆ, ಉಳಿದದ್ದನ್ನು ಕಣ್ಣಿಗೆ ಎಂದು ಹಂಚಿಕೊಂಡೆವು. ಚಳಿಗಾಲದಲ್ಲಿ ಅದು ಸೊರಗುವ ಹೊತ್ತಿಗೆ ಬಳ್ಳಿ ಮೇಲೆ ತಲುಪಿತ್ತು. ಶಂಖಪುಷ್ಪವನ್ನೂ ಹಾಕಿ ನೋಡಿದೆ, ಹೂ ಚೆಂದ, ಪರದೆಗೆ ತೀರ ತೆಳು. ಕಾಮಿನಿ ನಿಂಬೆಯ ಕುಟುಂಬದ್ದು, ಕರಿಬೇವಿಗೆ ಬರುವ ಕಪ್ಪು ಚಿಟ್ಟೆ ಇದರ ಮೇಲೂ ಮೊಟ್ಟೆ ಇಡುತ್ತದೆ. ಹುಳ ಎಲೆ ತಿನ್ನುತ್ತದೆ, ತಿನ್ನಲಿ ಎಂದು ಬಿಟ್ಟಿದ್ದೇನೆ. ಔಷಧಿ ಹೊಡೆದಿಲ್ಲ.

ಎರಡನೆಯ ವರ್ಷದ ದೀಪಾವಳಿಗೆ ಮೇಲಿನ ಅರ್ಧ ಮುಚ್ಚಿತು, ಮೂರನೆಯ ಮಳೆಗಾಲಕ್ಕೆ ಕೆಳಗಿನದೂ. ಭಾವ ಕಳೆದ ಮಾರ್ಚಿನಲ್ಲಿ ಬಂದವರು ಬೆಂಚಿನ ಮೇಲೆ ಕುಳಿತು ಸುತ್ತ ನೋಡಿ, ‘ಕಟ್ಟಡ ಎಲ್ಲಿ ಹೋಯಿತು?’ ಎಂದರು. ಅತ್ತೆಯವರು ಅವರ ಮುಂದೆ ಹಪ್ಪಳದ ಚಾಪೆ ಹಾಸಿಕೊಂಡು ಕುಳಿತಿದ್ದರು. ಕಾಕು ತಮ್ಮ ಬಾಲ್ಕನಿಗೂ ಬಳ್ಳಿ ಕೇಳಿದ್ದಾರೆ, ಕಡ್ಡಿಗಳನ್ನು ಹಾಲಿನ ಪ್ಯಾಕೆಟ್ಟುಗಳಲ್ಲಿ ಊರಿದ್ದೇನೆ. ಹದಿನೈದರಲ್ಲಿ ಒಂಬತ್ತು ಚಿಗುರಿವೆ.