ಹಿತ್ತಲಿಗೆ ನರಿ ಬಂದರೆ ಮೊದಲು ಸಾಣಿಗೆ ಹುಡುಕಿ

ಸಂಕ್ರಾಂತಿಯ ಮರುದಿನ ಬೆಳಿಗ್ಗೆ ನಮ್ಮ ಅತ್ತೆ ಹಿತ್ತಲ ಬಾಗಿಲು ತೆಗೆದವರು ಅಲ್ಲೇ ನಿಂತುಬಿಟ್ಟರು. ಪೇರಲ ಗಿಡದ ಬುಡದಲ್ಲಿ ನರಿ. ಇವರು ಅದನ್ನು ನೋಡಿದರು, ಅದು ಇವರನ್ನು ನೋಡಿತು. ಆಮೇಲೆ ಅದು ಕರಿಬೇವಿನ ಗಿಡದ ಹಿಂದಿನ ಸಂದಿಯಲ್ಲಿ ನುಸುಳಿ ಹೋಯಿತು. "ಎದ್ದ ಕೂಡ್ಲೆ ನರಿ ಮುಖಾ ನೋಡೇನಿ, ಇವತ್ತ ಎಲ್ಲಾ ಚೊಲೋನ ಆಗತೈತಿ" ಅಂತ ಖುಷಿಯಿಂದ ಒಳಗೆ ಬಂದು ಚಹಾಕ್ಕಿಟ್ಟರು. ಚಹಾ ಕುದಿಯುವುದರೊಳಗೆ ಗೊತ್ತಾಯಿತು. ನಮ್ಮ ಐದು ಜವಾರಿ ಕೋಳಿಯಲ್ಲಿ ಎರಡು ಇಲ್ಲ.

ನಮ್ಮ ಮನೆ ಧಾರವಾಡದಲ್ಲಿ, ಕೆಲಗೇರಿ ಕೆರೆಯ ಆಚೆ ಕಡೆ. ಕೆಲವು ವರ್ಷದ ಹಿಂದೆ ಇಲ್ಲಿ ಹೊಲ ಇತ್ತು. ಈಗ ಎನ್‌.ಎ. ಲೇಔಟ್. ಅರ್ಧ ಪ್ಲಾಟಿನಲ್ಲಿ ಮನೆ ಎದ್ದಿವೆ, ಉಳಿದರ್ಧದಲ್ಲಿ ಕಂಟಿ ಬೆಳೆದಿದೆ. ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿಯವರಿಗೋ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಸುತ್ತಲಿನವರಿಗೋ ನರಿ ಬಂತು ಅಂದರೆ ಸುದ್ದಿಯೇ ಅಲ್ಲ. ಹುಬ್ಬಳ್ಳಿ-ಧಾರವಾಡದ ಲೇಔಟಿನವರಿಗೆ ಮಾತ್ರ ಕೈಕಾಲು ಆಡುವುದಿಲ್ಲ. ಒಬ್ಬರು ಪಟಾಕಿ ಅಂತಾರೆ, ಒಬ್ಬರು ವಿಷ ಅಂತಾರೆ, ಹುಡುಗರು ಮೊಬೈಲ್ ತರುತ್ತಾರೆ. ನಾವು ಒಂದು ಚಳಿಗಾಲ ಪೂರ್ತಿ ಇದರ ಹಿಂದೆ ಬಿದ್ದು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಯಾವ ನರಿ ಅಂತ ನೋಡಿ

ನಮ್ಮ ಕಡೆ ನರಿ ಅಂತ ಕರೆಯುವ ಪ್ರಾಣಿಗಳು ಎರಡು. ಗುಳ್ಳೆನರಿ ಅನ್ನುವ ಹೆಸರನ್ನು ಕೆಲವರು ಇದಕ್ಕೆ ಇಡುತ್ತಾರೆ, ಕೆಲವರು ಅದಕ್ಕೆ. ಗೊಂದಲ ಬೇಡ, ಈ ಬರಹದ ಮಟ್ಟಿಗೆ ಸಣ್ಣ ನರಿ, ದೊಡ್ಡ ನರಿ ಅನ್ನೋಣ.

ಸಣ್ಣ ನರಿ ಹೆಚ್ಚುಕಡಿಮೆ ಬೆಕ್ಕಿನ ತೂಕದ್ದು, 2ರಿಂದ 4 ಕಿಲೋ. ಕಾಲು ಕಡ್ಡಿಯ ಹಾಗೆ, ಕಿವಿ ದೊಡ್ಡವು. ಬಾಲ ಮೈಯ ಅರ್ಧಕ್ಕಿಂತ ಉದ್ದ, ಪೊರಕೆಯಂತೆ ದಪ್ಪ, ತುದಿ ಕಪ್ಪು. ಅದು ಓಡುವಾಗ ಬಾಲ ನೋಡಬೇಕು. ನೇರ ಓಡುವಾಗ ಬಾಲ ಹಿಂದೆ ಅಡ್ಡಕ್ಕೆ ಚಾಚಿರುತ್ತದೆ. ಗಕ್ಕನೆ ತಿರುಗುವಾಗ ಮೇಲಕ್ಕೆ ಏಳುತ್ತದೆ. ಇದರ ಊಟ ಇಲಿ, ಗೆದ್ದಲು, ಮಿಡತೆ, ಹಲ್ಲಿ, ಬಾರಿಹಣ್ಣು, ಬೇವಿನಹಣ್ಣು. ದೊಡ್ಡ ನರಿ ಬೀದಿನಾಯಿಯಂತೆ ಕಾಣುತ್ತದೆ, 7ರಿಂದ 11 ಕಿಲೋ ತೂಗುತ್ತದೆ, ಬಾಲ ಮೋಟು. ಸಂಜೆ ಕೆರೆಯ ಕಡೆಯಿಂದ ಒಂದು ಊಳಿಟ್ಟರೆ ಹತ್ತು ಸೇರಿಕೊಳ್ಳುತ್ತವಲ್ಲ, ಅವು ಇವು. ಕೋಳಿ, ಆಗಷ್ಟೇ ಹುಟ್ಟಿದ ಆಡಿನ ಮರಿ, ಹಾಲುಗಾಳಿನ ಗೋವಿನಜೋಳದ ತೆನೆ, ಕಲ್ಲಂಗಡಿ, ಏನೂ ಬಿಡುವುದಿಲ್ಲ.

ನಿಮ್ಮ ಹಿತ್ತಲಿಗೆ ಬರುವುದು ಸಣ್ಣದಾದರೆ ಅರ್ಧ ಚಿಂತೆ ಬಿಡಿ. ನಮ್ಮ ಪಕ್ಕದ ಮನೆಯ ಕಾಕಾ ಹೇಳಿದ್ದು ಹೀಗೆ: "ಅದು ಬಂದೈತಿ ಅಂದ್ರ ನಿನ್ನ ಹಿತ್ತಲದಾಗ ಇಲಿ ಅದಾವ ಅಂತ ತಿಳಕೊ ತಂಗಿ. ಮೊದಲ ಅವನ್ನ ನೋಡು."

ಹೆಜ್ಜೆ ಹಿಡಿಯಿರಿ

ಕೋಳಿ ಹೋಯಿತು, ನರಿ ಕಂಡಿತು, ಎರಡನ್ನೂ ಕೂಡಿಸಿ ಲೆಕ್ಕ ಹಾಕಿಬಿಡುತ್ತೇವೆ. ನಾವೂ ಹಾಕಿದ್ದೆವು. ಕಾಕಾ ಒಪ್ಪಲಿಲ್ಲ. ಸಾಣಿಗೆ ತರಿಸಿದರು.

ಮಾಡುವುದು ಇಷ್ಟೇ. ಒಣ ಮಣ್ಣನ್ನೋ ಒಲೆಯ ಬೂದಿಯನ್ನೋ ಸಾಣಿಗೆಯಲ್ಲಿ ಸೋಸಿ. ಬೇಲಿಯ ಸಂದಿ, ಗೂಡಿನ ಬಾಗಿಲು, ಹಣ್ಣು ಬೀಳುವ ಗಿಡದ ಬುಡ, ಈ ಮೂರು ಕಡೆ ಮಾರು ಅಗಲ ತೆಳ್ಳಗೆ ಹರಡಿ. ರಂಗೋಲಿ ಪುಡಿ ಆದರೂ ಆಗುತ್ತದೆ. ಹಿಟ್ಟು ಮಾತ್ರ ಬೇಡ, ಬೆಳಗಾಗುವುದರೊಳಗೆ ಇರುವೆ ಮುತ್ತಿರುತ್ತವೆ. ರಾತ್ರಿ ಕೋಳಿ ಮುಚ್ಚಿದ ಮೇಲೆ ಹರಡಬೇಕು, ಬೆಳಿಗ್ಗೆ ಬಿಡುವ ಮೊದಲು ನೋಡಬೇಕು. ಇಲ್ಲದಿದ್ದರೆ ಕೋಳಿಯೇ ಕೆದರಿ ಎಲ್ಲಾ ಅಳಿಸಿಹಾಕುತ್ತವೆ. ಹೆಜ್ಜೆಯ ಪಕ್ಕ ಒಂದು ಕಡ್ಡಿಪೆಟ್ಟಿಗೆ ಇಟ್ಟು ಫೋಟೊ ತೆಗೆಯಿರಿ, ಅಳತೆ ಸಿಗುತ್ತದೆ.

ಬೆಕ್ಕಿನ ಹೆಜ್ಜೆ ಗುಂಡಗೆ, ಉಗುರಿನ ಗುರುತು ಇರುವುದಿಲ್ಲ. ಮುಂಗಸಿಯದು ಐದು ಬೆರಳು. ಸಣ್ಣ ನರಿಯದು ಕಡ್ಡಿಪೆಟ್ಟಿಗೆಗಿಂತ ಸಣ್ಣದು, ನಾಲ್ಕು ಬೆರಳು, ಮುಂದೆ ಸೂಜಿ ಚುಚ್ಚಿದಂತೆ ಉಗುರು. ದೊಡ್ಡ ನರಿ ಮತ್ತು ನಾಯಿಯ ನಡುವೆ ಫರಕು ಕಂಡುಹಿಡಿಯುವುದೇ ಕಷ್ಟ. ನಾಯಿಯ ಹೆಜ್ಜೆ ಅಗಲ, ಬೆರಳು ಹರಡಿಕೊಂಡಿರುತ್ತವೆ. ನರಿಯ ಹೆಜ್ಜೆ ಉದ್ದುದ್ದ, ಅಚ್ಚುಕಟ್ಟು. ಮುಂಗಾಲಿನ ನಡುವಿನ ಎರಡು ಬೆರಳಿನ ಗದ್ದುಗೆ ಹಿಂದೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಚಳಿಗಾಲದಲ್ಲಿ ಇಬ್ಬನಿ ಬಿದ್ದು ಮಣ್ಣು ಕೂತಿರುತ್ತದೆ, ಆಗ ಇದು ಸೊಗಸಾಗಿ ಕಾಣುತ್ತದೆ.

ನಮಗೆ ಮೊದಲ ರಾತ್ರಿ ಬೆಕ್ಕು ಬಿಟ್ಟರೆ ಏನೂ ಸಿಗಲಿಲ್ಲ. ಎರಡನೇ ರಾತ್ರಿ ಸಣ್ಣ ನರಿ ಸಂದಿಯಿಂದ ಪೇರಲ ಗಿಡದವರೆಗೆ ಬಂದು ಬಂದ ದಾರಿಯಲ್ಲೇ ವಾಪಸು ಹೋಗಿತ್ತು. ಗೂಡಿನ ಕಡೆ ಒಂದು ಹೆಜ್ಜೆಯೂ ಇಲ್ಲ. ನಾಲ್ಕನೇ ಬೆಳಿಗ್ಗೆ ಗೂಡಿನ ಬಾಗಿಲ ಮುಂದೆ ಅಗಲವಾದ, ಹರಡಿದ ಹೆಜ್ಜೆ. ಓಣಿಯ ಕಂದು ನಾಯಿ. ದಿನಾ ಬೆಳಿಗ್ಗೆ ನಮ್ಮ ಅತ್ತೆಯೇ ರೊಟ್ಟಿ ಹಾಕುವ ನಾಯಿ. ಅತ್ತೆ ಇವತ್ತಿಗೂ ಇದನ್ನು ಒಪ್ಪುವುದಿಲ್ಲ, ಆ ಮಾತು ಬಿಡಿ.

ಊಟ ಎತ್ತಿಡಿ

ನರಿಗೆ ನಿಮ್ಮ ಹಿತ್ತಲಿನ ಮೇಲೆ ಹಟ ಏನಿಲ್ಲ. ಊಟ ಸಿಕ್ಕರೆ ಬರುತ್ತದೆ, ನಾಲ್ಕು ದಿನ ಸಿಗದಿದ್ದರೆ ಬೇರೆ ದಾರಿ ಹಿಡಿಯುತ್ತದೆ. ಹಾಗಾಗಿ ಕೋಲು ಹಿಡಿದು ಕಾಯುವ ಬದಲು ಸಂಜೆ ಒಂದು ಸುತ್ತು ಹಾಕಿ. ಉದುರಿದ ಪೇರಲ, ಚಿಕ್ಕು, ಬಾರಿಹಣ್ಣು ಆರಿಸಿ. ಮುಸುರೆ ಬಕೆಟ್ ಒಳಗಿಡಿ. ಗೊಬ್ಬರದ ಗುಂಡಿಗೆ ಮೀನಿನ ತಲೆ, ಮೂಳೆ ಹಾಕಲೇಬೇಡಿ. ಕೋಳಿಗೆ ಹಾಕಿದ ನುಚ್ಚು ರಾತ್ರಿ ಉಳಿದರೆ ಇಲಿ ಬರುತ್ತವೆ, ಇಲಿಯ ಹಿಂದೆ ನರಿ ಬರುತ್ತದೆ. ನಾಯಿಗೆ ಹಾಕಿದ ತಾಟೂ ಅಷ್ಟೇ.

ನಿಮ್ಮ ಹಿತ್ತಲು ಸ್ವಚ್ಛ ಇದ್ದು, ಲೇಔಟಿನ ಮೂಲೆಯ ಖಾಲಿ ಪ್ಲಾಟಿನಲ್ಲಿ ಯಾರೋ ಕೋಳಿ ಅಂಗಡಿಯ ಕಸ ಸುರಿಯುತ್ತಿದ್ದರೆ ಏನೂ ಉಪಯೋಗವಿಲ್ಲ. ನಮ್ಮಲ್ಲಿ ಅದನ್ನು ನಿಲ್ಲಿಸಲು ಎರಡು ತಿಂಗಳು ಹಿಡಿಯಿತು. ಓಣಿಯವರು ಕೂಡಿಯೇ ಹೇಳಬೇಕು, ಒಬ್ಬರ ಮಾತಿಗೆ ಯಾರೂ ಬಗ್ಗುವುದಿಲ್ಲ. ನರಿ ಕೂಗು ಗಿರಿ ಮುಟ್ಟೀತೇ ಅಂತಾರಲ್ಲ, ಹಾಗಾಗುತ್ತದೆ.

ಇನ್ನೊಂದು. ರೀಲ್ಸ್ ಮಾಡುವ ಆಸೆಗೆ ಬಿಸ್ಕೀಟು ಎಸೆಯಬೇಡಿ. ಮನುಷ್ಯರ ಕೈ ನೋಡಲು ಕಲಿತ ನರಿ ನಾಳೆ ಮಕ್ಕಳ ಕೈಗೆ ಬಾಯಿ ಹಾಕುತ್ತದೆ. ಆಗ ತಪ್ಪು ಯಾರದು?

ಗೂಡು ಭದ್ರ ಮಾಡಿ

ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಜೇನುಗೂಡಿನ ಕಣ್ಣಿನ ತೆಳು ಜಾಳಿಗೆ ಕೋಳಿಯನ್ನು ಒಳಗೆ ಇಡುತ್ತದೆ, ಆದರೆ ನಾಯಿಯಾಗಲಿ ದೊಡ್ಡ ನರಿಯಾಗಲಿ ಅದನ್ನು ಹಲ್ಲಲ್ಲಿ ಹರಿಯುತ್ತವೆ. ಅರ್ಧ ಇಲ್ಲವೇ ಮುಕ್ಕಾಲು ಇಂಚಿನ ಕಣ್ಣಿನ ವೆಲ್ಡ್ ಮೆಶ್ ಹಾಕಿಸಿ. ಮೇಲ್ಗಡೆಯೂ ಮುಚ್ಚಿರಬೇಕು.

ನರಿ ಗೋಡೆ ಒಡೆಯುವುದಿಲ್ಲ, ಕೆಳಗಿನಿಂದ ತೋಡುತ್ತದೆ. ಅದು ತೋಡುವುದು ಸರಿಯಾಗಿ ಜಾಳಿಗೆಯ ಬುಡದಲ್ಲೇ. ಅದಕ್ಕೆ ಜಾಳಿಗೆಯನ್ನು ಒಂದಡಿ ಆಳಕ್ಕೆ ಇಳಿಸಿ, ಅಲ್ಲಿಂದ ಹೊರಗಡೆಗೆ ಇನ್ನೊಂದಡಿ ಮಡಿಸಿ ಮಣ್ಣು ಮುಚ್ಚಬೇಕು. ತೋಡಿದ ನರಿಗೆ ಕಾಲ ಕೆಳಗೂ ತಂತಿಯೇ ಸಿಗುತ್ತದೆ. ನಾವು ಇದನ್ನು ಮಾಡಲಿಲ್ಲ. ಮನೆ ಕಟ್ಟಿದಾಗ ಉಳಿದ ಫರಸಿ ತುಂಡುಗಳಿದ್ದವು, ಗೂಡಿನ ಸುತ್ತ ಎರಡಡಿ ಅಗಲ ಹಾಸಿಬಿಟ್ಟೆವು. ಅಷ್ಟೇ ಸಾಕಾಯಿತು. ಎರೆಮಣ್ಣಿನಲ್ಲಿ ಇದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಬೇಸಿಗೆಯಲ್ಲಿ ಎರೆ ಬಾಯಿ ಬಿಟ್ಟಾಗ ಹೂಳಿದ ಕಂಬ, ತಂತಿ ಎಲ್ಲಾ ಅಲ್ಲಾಡತೊಡಗುತ್ತವೆ.

ಇನ್ನು ಅಗಳಿ. ನಮ್ಮ ಎರಡು ಕೋಳಿ ಹೋದದ್ದು ಜಾಳಿಗೆಯ ದೋಷದಿಂದಲ್ಲ, ಅಗಳಿಯಿಂದ. ಮರ ಉಬ್ಬಿ ಅಗಳಿ ಪೂರಾ ಕೂರುತ್ತಿರಲಿಲ್ಲ. ನಾಳೆ ಮಾಡಿಸೋಣ ಅಂತ ನಾನೇ ಒಂದು ತಿಂಗಳು ತಳ್ಳಿದ್ದೆ, ಒಂದು ದಾರ ಸುತ್ತಿ ಬಿಡುತ್ತಿದ್ದೆ. ಮೂತಿಯಲ್ಲಿ ನೂಕಿದರೆ ತೆರೆಯುವ ಬಾಗಿಲಿಗೆ ಜಾಳಿಗೆ ಎಷ್ಟು ಗಟ್ಟಿ ಇದ್ದರೇನು? ಈಗ ಕೊಂಡಿ ಹಾಕಿ, ಕೊಂಡಿಯಲ್ಲಿ ಮೊಳೆ ಸಿಕ್ಕಿಸುತ್ತೇವೆ. ಹೊತ್ತು ಮುಳುಗುವ ಮೊದಲು ಕೋಳಿ ಒಳಗಿರಬೇಕು. ಮಬ್ಬುಗತ್ತಲೆಯೇ ಇವುಗಳ ಹೊತ್ತು.

ಬೇಲಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಕ್ಕು ನುಸುಳುವ ಸಂದಿಯಲ್ಲಿ ಸಣ್ಣ ನರಿಯೂ ನುಸುಳುತ್ತದೆ, ಅಷ್ಟು ಸಂದಿ ಮುಚ್ಚಿದರೆ ಸಾಕು. ಜಾಲಿ ಕಂಟಿ ಹೆಟ್ಟಿ, ಗೇಟಿನ ಕೆಳಗೆ ಒಂದು ಹಲಗೆ ಹೊಡೆಯಿರಿ. ಜನ ಓಡಾಡಿದಾಗ ಹೊತ್ತಿಕೊಳ್ಳುವ ಸೋಲಾರ್ ದೀಪ ಒಂದೆರಡು ವಾರ ಹೆದರಿಸುತ್ತದೆ, ಆಮೇಲೆ ನರಿಗೆ ರೂಢಿಯಾಗುತ್ತದೆ. ಆಗಾಗ ಜಾಗ ಬದಲಿಸಿ ನೋಡಿ.

ಎದುರಿಗೆ ಸಿಕ್ಕರೆ

ನಿಂತುಕೊಳ್ಳಿ. ತಾಟು ಬಡಿಯಿರಿ, ಜೋರಾಗಿ ಮಾತಾಡಿ. ಅದಕ್ಕೆ ಹೋಗಲು ದಾರಿ ಬಿಡಿ. ಹುಷಾರಾಗಿರುವ ನರಿ ಸಾಮಾನ್ಯವಾಗಿ ಮೂಲೆಗೆ ಒತ್ತಿದರೆ ಮಾತ್ರ ಕಚ್ಚುತ್ತದೆ. ಸ್ನಾನದ ಕೋಣೆಗೋ ಗೂಡಿಗೋ ಹೊಕ್ಕು ಸಿಕ್ಕಿಹಾಕಿಕೊಂಡರೆ ಬಾಗಿಲು ತೆರೆದಿಟ್ಟು, ದೀಪ ಆರಿಸಿ, ನಾಯಿ ಕಟ್ಟಿ, ಮನೆಯವರೆಲ್ಲ ಒಳಗೆ ಹೋಗಿ. ಬೆಳಗಾಗುವುದರೊಳಗೆ ಹೋಗಿರುತ್ತದೆ. ಹೋಗದಿದ್ದರೆ, ಗಾಯವಾಗಿದ್ದರೆ, ಬಾವಿಗೆ ಬಿದ್ದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನೀವೇ ಗೋಣಿಚೀಲ ಹಿಡಿದು ಇಳಿಯಬೇಡಿ.

ನಾಯಿ ಛೂ ಬಿಡುವುದು ನಮ್ಮಲ್ಲಿ ಮೊದಲು ಹೊಳೆಯುವ ಉಪಾಯ. ಅದು ಕೆಟ್ಟ ಉಪಾಯ. ಹುಚ್ಚುನಾಯಿ ರೋಗ, ಡಿಸ್ಟೆಂಪರ್ ಎರಡೂ ನಾಯಿಯಿಂದ ನರಿಗೆ, ನರಿಯಿಂದ ನಾಯಿಗೆ ಹರಡುತ್ತವೆ. ಸಾಕಿದ ನಾಯಿಗೆ ಎರಡರ ಲಸಿಕೆಯೂ ಆಗಿರಲಿ.

ಹಗಲಲ್ಲಿ ಕಂಡಿತು ಅಂದ ಮಾತ್ರಕ್ಕೆ ಹುಚ್ಚು ಹಿಡಿದಿದೆ ಅಂತಲ್ಲ. ಮೋಡ ಕವಿದ ದಿನ, ಮರಿ ಇರುವ ಕಾಲದಲ್ಲಿ ಹಗಲೂ ತಿರುಗುತ್ತದೆ. ಆದರೆ ಜೊಲ್ಲು ಸುರಿಸುತ್ತಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ, ಹೆದರದೆ ಮೈಮೇಲೆ ಬಂದರೆ ಹತ್ತಿರ ಸುಳಿಯಬೇಡಿ. ಯಾವ ನರಿಯೇ ಕಚ್ಚಲಿ, ಪರಚಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, 15 ನಿಮಿಷ ಅಂದರೆ ನಾವಂದುಕೊಂಡಿದ್ದಕ್ಕಿಂತ ಉದ್ದ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದು 28 ದಿನದೊಳಗೆ 4 ಅಥವಾ 5 ಸಲ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಸುತ್ತ ಹಾಕುವ ಇನ್ನೊಂದು ಔಷಧಿಯೂ ಬೇಕು, ಅದನ್ನು ಕೇಳಿ ಹಾಕಿಸಿಕೊಳ್ಳಿ. ನಡುವೆ ಬಿಡಬಾರದು.

ವಿಷ, ಉರುಲು, ನರಿಕೊಂಬು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಎರಡೂ ನರಿಗಳಿಗೆ ರಕ್ಷಣೆ ಇದೆ. ಉರುಲು ಹಾಕುವುದು, ವಿಷ ಇಡುವುದು, ಮದ್ದಿನ ಉಂಡೆ ಇಡುವುದು, ಮರಿ ತಂದು ಸಾಕುವುದು, ಎಲ್ಲಾ ಅಪರಾಧ. ಕಾಯ್ದೆ ಒಂದು ಕಡೆ ಇರಲಿ, ಕೀಟನಾಶಕ ಸವರಿದ ಮಾಂಸದ ತುಂಡನ್ನು ನರಿಯೇ ತಿನ್ನುತ್ತದೆ ಅಂತ ಏನು ಗ್ಯಾರಂಟಿ? ಕಾಗೆ ಎತ್ತಿಕೊಂಡು ಹೋಗಿ ಪಕ್ಕದವರ ನೀರಿನ ಟಾಕಿಗೆ ಹಾಕಬಹುದು. ಬೇಲಿಗೆ ಮನೆಯ ಕರೆಂಟು ಕೊಡುವವರೂ ಇದ್ದಾರೆ. ಅದಕ್ಕೆ ಮೊದಲು ಸಿಗುವುದು ಚೆಂಡು ಹುಡುಕಿಕೊಂಡು ಬಂದ ಹುಡುಗ.

ಸಂತೆಯಲ್ಲಿ ನರಿಕೊಂಬು ಅಂತ ಕೂದಲು ಸುತ್ತಿದ ಗಂಟು ಮಾರುತ್ತಾರಲ್ಲ, ಮನೆಯಲ್ಲಿಟ್ಟರೆ ಅದೃಷ್ಟ ಅಂತ. ನರಿಗೆ ಕೊಂಬೇ ಇಲ್ಲ. ಮಾರುವವರೂ ಕೊಳ್ಳುವವರೂ ಇಬ್ಬರೂ ಸಿಕ್ಕಿಬೀಳುತ್ತಾರೆ.

ಹಿಡಿದು ದೂರ ಬಿಟ್ಟು ಬಂದರೆ? ಇದನ್ನೂ ಬಹಳ ಜನ ಕೇಳುತ್ತಾರೆ. ಊಟ ಇದ್ದ ಜಾಗ ಖಾಲಿ ಉಳಿಯುವುದಿಲ್ಲ, ಇನ್ನೊಂದು ನರಿ ಬರುತ್ತದೆ.

ಬಿಲ ಸಿಕ್ಕರೆ ಕಾಯಿರಿ

ಸಣ್ಣ ನರಿಯ ಜೋಡಿ ಡಿಸೆಂಬರ್, ಜನವರಿಯಲ್ಲಿ ಕೂಡುತ್ತದೆ. 50 ದಿನ ಚಿಲ್ಲರೆ ಕಳೆದು, ಶಿವರಾತ್ರಿಯ ಆಸುಪಾಸಿಗೆ 2ರಿಂದ 4 ಮರಿ. ಬದುವಿನಲ್ಲಿ, ಖಾಲಿ ಪ್ಲಾಟಿನ ಮಣ್ಣುಗುಡ್ಡೆಯಲ್ಲಿ ಬಿಲ ಇರುತ್ತದೆ. ಒಂದು ಬಿಲಕ್ಕೆ ಬಾಯಿ ಮೂರ್ನಾಲ್ಕು. ಮರಿ ಒಂಟಿಯಾಗಿ ಕೂತಿದ್ದರೆ ಅನಾಥ ಅಂತ ಎತ್ತಿಕೊಂಡು ಬರಬೇಡಿ, ತಾಯಿ ಎಲ್ಲೋ ಹತ್ತಿರದಲ್ಲೇ ಇರುತ್ತದೆ.

ಆ ಪ್ಲಾಟಿನಲ್ಲಿ ಪಾಯ ತೋಡಬೇಕಿದ್ದರೆ ಮರಿ ದೊಡ್ಡವಾಗುವ ತನಕ ತಡೆಯಿರಿ. ನಾಲ್ಕೈದು ತಿಂಗಳಿಗೆ ಅವು ತಮ್ಮ ದಾರಿ ಹಿಡಿಯುತ್ತವೆ, ಅಂದರೆ ಹೆಚ್ಚುಕಡಿಮೆ ಪಂಚಮಿ ಹೊತ್ತಿಗೆ. ಆಗ ಬಿಲ ಖಾಲಿಯೇ ಅಂತ ಖಾತ್ರಿ ಮಾಡಿಕೊಳ್ಳಿ. ಪ್ರತಿ ಬಾಯಿಗೂ ನಾಲ್ಕೈದು ಒಣ ಕಡ್ಡಿ ಸಡಿಲವಾಗಿ ಅಡ್ಡ ನಿಲ್ಲಿಸಿ. ಮೂರು ರಾತ್ರಿ ನೋಡಿ. ಒಂದು ಕಡ್ಡಿ ಬಿದ್ದಿದ್ದರೂ ಇನ್ನೊಂದು ವಾರ ಬಿಟ್ಟು ಮತ್ತೆ ಇಡಿ. ಎಲ್ಲಾ ನಿಂತಿದ್ದರೆ ಕಲ್ಲು ತುಂಬಿ, ಮೇಲೆ ಮಣ್ಣು ಹಾಕಿ ಗುದ್ದಿ. ಪಂಚಮಿ ದಿನ ಮಾತ್ರ ಸಲಿಕೆ ಮುಟ್ಟಬೇಡಿ. ಅವತ್ತು ಮಣ್ಣು ಅಗೆದರೆ ನಮ್ಮ ಅತ್ತೆಯಂಥವರು ನಿಮ್ಮ ಓಣಿಯಲ್ಲೂ ಇರುತ್ತಾರೆ.