ಸವೆಯಲೆಂದೇ ಗೀರಿದ ಪಾದ

ಶ್ರವಣಬೆಳಗೊಳಕ್ಕೆ ನಾನು ಎರಡು ಸಲ ಹೋಗಿದ್ದೆ. ಎರಡು ಸಲವೂ ಗೊಮ್ಮಟನನ್ನು ನೋಡಿ, ಕಾಲು ನೋವು ಅಂತ ವಾಪಸ್ ಬಂದಿದ್ದೆ. ಮೂರನೇ ಸಲ ಯಶವಂತಪುರದಲ್ಲಿ ರೈಲು ಹತ್ತಿದ್ದು ಎದುರಿನ ಚಿಕ್ಕಬೆಟ್ಟಕ್ಕಾಗಿ. ಊಟವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ, ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಅಲ್ಲಿ ಬಂಡೆ ಮೇಲೇ ಇವೆ. ತೀರಾ ಹಳೆಯದು ಸುಮಾರು ಕ್ರಿ.ಶ. 600ರದ್ದು. ಭದ್ರಬಾಹು ಗುಹೆಯಲ್ಲಿ ಕಲ್ಲಿನ ಪಾದಗಳಿವೆ. ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯುವ ಆಸೆಯೇನೋ ಆಯಿತು. ಸಂರಕ್ಷಿತ ಜಾಗ, ಹಾಗೆಲ್ಲ ಮಾಡಬಾರದು. ಸುಮ್ನೆ ಕೂತು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಬೆಂಗಳೂರಿಗೆ ಬಂದ ಮೇಲೆ ಆ ಪಾದಗಳನ್ನು ಡ್ರೈಪಾಯಿಂಟ್ ಮಾಡೋಣ ಅನಿಸಿತು. ಲೋಹದ ತಗಡಿನಲ್ಲಿ ಚಿತ್ರ ಗೀರಿ, ಶಾಯಿ ತುಂಬಿ, ಕಾಗದಕ್ಕೆ ಅಚ್ಚೊತ್ತುವ ವಿಧಾನ ಅದು. ಇದಕ್ಕೆ ಆಸಿಡ್ ಬೇಡ. ಚೂಪಾದ ಸೂಜಿಯಿಂದ ತಗಡನ್ನು ನೇರವಾಗಿ ಗೀರುವುದು. ಗೀರಿನ ಪಕ್ಕ ಲೋಹ ಎದ್ದು ನಿಲ್ಲುತ್ತದೆ, ಅದಕ್ಕೆ ಬರ್ ಅಂತೀವಿ. ಅದು ಶಾಯಿ ಹಿಡಿದುಕೊಳ್ಳುವುದರಿಂದಲೇ ಗೆರೆ ಮಖಮಲ್ಲಿನ ಹಾಗೆ ಮೆತ್ತಗೆ ಕಾಣುವುದು. ಆದರೆ ಪ್ರೆಸ್ಸಿನ ಒತ್ತಡಕ್ಕೆ ಪ್ರತಿ ಸಲವೂ ಒಂದಿಷ್ಟು ಮಲಗುತ್ತದೆ. ಪ್ರಿಂಟ್ ಮಾಡುವವರಿಗೆ ಇದು ತಲೆನೋವು. ನನಗೆ ಬೇಕಾಗಿದ್ದೇ ಅದು! ಸಲ್ಲೇಖನದ ದೇಹದ ಹಾಗೆ ಪಾದವೂ ಸ್ವಲ್ಪ ಸ್ವಲ್ಪವೇ ಸವೆಯಬೇಕಿತ್ತು. ತಾಮ್ರ ನಿಧಾನವಾಗಿ ಸವೆಯುತ್ತದೆ ಅಂತ ಬೇಕೆಂದೇ ಎಸ್.ಪಿ. ರೋಡಿನಿಂದ ಅಲ್ಯೂಮಿನಿಯಂ ಶೀಟ್ ತಂದೆ. ಒಂದೇ ಜೋಡಿ ಪಾದ ಗೀರಿದೆ. ಕಾಗದ ನೆನೆಸು, ಶಾಯಿ ತುಂಬು, ಮಸ್ಲಿನ್ ಬಟ್ಟೆಯಲ್ಲಿ ಒರೆಸು, ಚಕ್ರ ತಿರುಗಿಸು. ಒಂದು ಪ್ರಿಂಟಿಗೆ ಅರ್ಧ ಗಂಟೆ. ಹತ್ತಾಗುವಷ್ಟರಲ್ಲಿ ಮೆತ್ತನೆ ಕಪ್ಪು ಹೋಗಿ ಬಡಕಲು ಗೆರೆ ಉಳಿಯಿತು.

ಇಪ್ಪತ್ತರ ಹೊತ್ತಿಗೆ ಪಾದ ಮಾಯವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬರ್ ಹೋದರೂ ಗೀರು ಹೋಗುವುದಿಲ್ಲ, ಕೂದಲೆಳೆಯಷ್ಟು ಶಾಯಿ ಅದರಲ್ಲಿ ಕೂತೇ ಇರುತ್ತದೆ. ತಾಳ್ಮೆ ಕೆಟ್ಟು ಒಂದು ಪಾದಕ್ಕೆ ಎಮರಿ ಪೇಪರ್ ಹಾಕಿ ಉಜ್ಜಿದೆ. ಅದರ ಸಾವಿರ ಗೀರುಗಳೂ ಶಾಯಿ ಕುಡಿದವು. ಅಳಿಸಲು ಹೋದ ಪಾದ ಬೂದುಬಣ್ಣದ ದೊಡ್ಡ ಮಚ್ಚೆಯಾಗಿ ಬಂತು. ಅವಸರ ಮಾಡಿದ್ದು ಕಾಗದದ ಮೇಲೇ ಗೊತ್ತಾಯಿತು ಅಲ್ವಾ? ಆ ಪ್ರಿಂಟನ್ನು ಎಸೆದಿಲ್ಲ, ಸಾಲಿನಲ್ಲೇ ಇಟ್ಟಿದ್ದೇನೆ.

ಒಂದೇ ತಗಡಿನ ಪ್ರಿಂಟುಗಳು ಒಂದೇ ಥರ ಇರಬೇಕು ಅನ್ನುವುದು ಎಡಿಷನ್ನಿನ ನಿಯಮ. ನನ್ನವು ಬೇರೆ ಬೇರೆ. ಹಾಗಾಗಿ ಕೆಳಗೆ ಪೆನ್ಸಿಲಿನಲ್ಲಿ ನಂಬರಿನ ಜೊತೆ ‘ಇ.ವಿ.’ ಅಂತ ಬರೆದೆ. ಪ್ರತಿಗಳು ಬೇರೆಯಾಗಿವೆ ಎಂದು ತಿಳಿಸುವ ಗುರುತು ಅದು.

ಕೊನೆಯದನ್ನು ಶಾಯಿ ಹಾಕದೆ ತೆಗೆದೆ. ಬಿಳಿ ಕಾಗದದಲ್ಲಿ ತಗಡಿನ ಅಂಚು ಒತ್ತಿದ ಚೌಕ, ಅಷ್ಟೇ. ಅದನ್ನೂ ಫ್ರೇಮಿಗೆ ಕೊಡಲು ಹೊರಟಾಗ ಅಮ್ಮ ತಿರುಗಿಸಿ ತಿರುಗಿಸಿ ನೋಡಿ, “ಇದರಲ್ಲಿ ಯಾವ ಕಡೆ ಮೇಲೆ ಬರ್ಬೇಕು?” ಅಂದರು.