ಬೇರೆ ಸ್ಟೇಟಿನ ಕಾಲೇಜಿನಲ್ಲಿ ಮೆರಿಟ್ ಸ್ಕಾಲರ್‌ಶಿಪ್: ನಾವು ಹುಡುಕಿದ ರೀತಿ

ನಮ್ಮ ಮಗಳು 2023ರಲ್ಲಿ ನ್ಯೂಜೆರ್ಸಿ ಬಿಟ್ಟು ಅಲಬಾಮಾ ಯೂನಿವರ್ಸಿಟಿಗೆ ಇಂಜಿನಿಯರಿಂಗ್ ಓದಲು ಹೋದಳು. ಕನ್ನಡ ಕೂಟದಲ್ಲಿ ಸಿಕ್ಕವರೆಲ್ಲ "ಒಬ್ಬಳೇ ಮಗಳನ್ನ ಅಷ್ಟು ದೂರ ಯಾಕೆ ಕಳಿಸ್ತೀರಿ?" ಅಂತ ಕೇಳಿದರು. ಕಾರಣ ದುಡ್ಡು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾವಿಬ್ಬರೂ ಕೆಲಸದಲ್ಲಿದ್ದೇವೆ. ಕಾಲೇಜು ಖರ್ಚಿಗೆ ಆರ್ಥಿಕ ಸಹಾಯ ಕೇಳುವ ಸರ್ಕಾರಿ ಅರ್ಜಿ ಫಾಫ್ಸಾ ತುಂಬಿದರೆ ನಮ್ಮ ಸಂಬಳ ನೋಡಿ ಸಹಾಯ ಬೇಕಿಲ್ಲ ಅನ್ನುತ್ತದೆ. ಆದರೆ ವರ್ಷಕ್ಕೆ 80 ಸಾವಿರ ಡಾಲರ್ ಕಟ್ಟುವಷ್ಟು ನಮ್ಮಲ್ಲಿಲ್ಲ, ಹಿಂದೆಯೇ ಮಗನ ಕಾಲೇಜೂ ಬರುತ್ತದೆ. ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು ಮೆರಿಟ್ ನೋಡಿ ದುಡ್ಡು ಕೊಡುವುದೇ ಇಲ್ಲ, ಮನೆಯ ಆದಾಯ ನೋಡಿಯೇ ಕೊಡುವುದು. ಹಾಗಾಗಿ ಆ ಕಡೆ ನಾವು ಹೋಗಲಿಲ್ಲ.

ಮೊದಲು ನಂಬಿದ್ದು ನ್ಯಾಷನಲ್ ಮೆರಿಟ್ ಅನ್ನುವ ದೇಶಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆಯನ್ನು. 11ನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ (ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಯ ಪೂರ್ವಭಾವಿ ಪರೀಕ್ಷೆ) ಅಂಕದ ಮೇಲೆ ಅದು ನಿಂತಿದೆ. ಕಟ್ ಆಫ್ ಸ್ಟೇಟಿನಿಂದ ಸ್ಟೇಟಿಗೆ ಬೇರೆ, ನ್ಯೂಜೆರ್ಸಿಯದ್ದು ದೇಶದಲ್ಲೇ ತೀರಾ ಮೇಲಿನದು. ಸ್ವಲ್ಪದರಲ್ಲಿ ತಪ್ಪಿತು. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಆಮೇಲೆ ಹುಡುಕುವ ದಾರಿ ಬದಲಿಸಿದೆವು. ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಕಾಮನ್ ಡೇಟಾ ಸೆಟ್ ಅಂತ ಒಂದು ದಾಖಲೆ ಹೊರಗೆ ಹಾಕುತ್ತವೆ. ಅದರಲ್ಲಿ ಎಚ್2ಎ ಅನ್ನುವ ಭಾಗಕ್ಕೆ ಹೋಗಿ. ಆರ್ಥಿಕ ಅಗತ್ಯ ಇಲ್ಲದ ಎಷ್ಟು ಮಕ್ಕಳಿಗೆ ಕಾಲೇಜು ತನ್ನ ಕೈಯಿಂದ ಕೊಟ್ಟಿದೆ, ಸರಾಸರಿ ಎಷ್ಟು, ಎರಡೂ ಅಲ್ಲಿರುತ್ತದೆ. ನಮ್ಮಂಥವರಿಗೆ ಬೇಕಾದದ್ದು ಅದೇ ಸಾಲು, ಅಲ್ವಾ? ನೂರು ಜನರಲ್ಲಿ ಇಬ್ಬರಿಗೆ ಕೊಡುವ ಕಾಲೇಜನ್ನು ಪಟ್ಟಿಯಿಂದ ತೆಗೆದೆವು. ಮಗಳ ಅಂಕ ಅಲ್ಲಿ ಸೇರುವವರಲ್ಲಿ ಮೇಲಿನ ಕಾಲುಭಾಗದಲ್ಲಿ ಇರುವಂಥವನ್ನು ಉಳಿಸಿಕೊಂಡೆವು.

ಅಲಬಾಮಾದಲ್ಲಿ ಇಷ್ಟು ಜಿಪಿಎ (ಓದಿನ ಸರಾಸರಿ ಗ್ರೇಡ್), ಇಷ್ಟು ಸ್ಯಾಟ್ ಅಂಕ ಇದ್ದರೆ ಇಷ್ಟು ಡಾಲರ್ ಅಂತ ಮೊದಲೇ ಬರೆದು ಹಾಕಿದ್ದರು. ಪ್ರಬಂಧ ಬರೆದು ಕಾಯಬೇಕಿಲ್ಲ. ಮಗಳಿಗೆ ವರ್ಷಕ್ಕೆ 28,000 ಸಿಕ್ಕಿತು. ಸ್ಥಳೀಯರಿಗಿಂತ ಹೊರ ಸ್ಟೇಟಿನವರಿಗೆ ಟ್ಯೂಷನ್, ಅಂದರೆ ಕಾಲೇಜಿನ ಫೀಸು, ಜಾಸ್ತಿ; ಆಗ ಅದು 32 ಸಾವಿರದ ಆಸುಪಾಸು ಇತ್ತು. ಉಳಿದದ್ದು ನಮ್ಮದೇ ಸ್ಟೇಟಿನ ಸರ್ಕಾರಿ ಯೂನಿವರ್ಸಿಟಿ ರಟ್ಗರ್ಸ್‌ಗಿಂತ ಕಡಿಮೆಯಾಯಿತು! ಮೊದಲ ಸಲ ಕೂಡಿಸಿದಾಗ ನಂಬಲಾಗದೆ ನನ್ನವರಿಗೆ ಇನ್ನೊಮ್ಮೆ ಕೂಡಿಸಲು ಹೇಳಿದೆ.

ಪಶ್ಚಿಮದ ಸ್ಟೇಟುಗಳಲ್ಲಿರುವವರು ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಅನ್ನುವ, ಆ ಸ್ಟೇಟುಗಳ ನಡುವಿನ ಫೀಸು ರಿಯಾಯಿತಿ ಯೋಜನೆ ನೋಡಿ. ಅದರಲ್ಲಿ ಸಿಕ್ಕರೆ ಸ್ಥಳೀಯರ ಟ್ಯೂಷನ್ನಿನ ಒಂದೂವರೆ ಪಟ್ಟಿಗಿಂತ ಜಾಸ್ತಿ ಕಟ್ಟಬೇಕಿಲ್ಲ. ಟೆಕ್ಸಸ್‌ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಸ್ಪರ್ಧೆಯಿಂದ 1,000 ಡಾಲರ್ ಸ್ಕಾಲರ್‌ಶಿಪ್ ಗೆದ್ದರೂ ಸ್ಥಳೀಯರ ದರ ಸಿಗುವ ಅವಕಾಶ ಇದೆ.

ಒಂದು ಕಡೆ ಏಟು ತಿಂದೆವು. ಒಂದು ಯೂನಿವರ್ಸಿಟಿಗೆ ಅರ್ಜಿಯ ಕೊನೆ ದಿನ ಜನವರಿ ಅಂತ ನಿಧಾನ ಮಾಡಿದೆವು. ಸ್ಕಾಲರ್‌ಶಿಪ್‌ಗೆ ನವೆಂಬರ್ ಒಂದಕ್ಕೇ ಮುಗಿದಿತ್ತು. ಸೀಟು ಬಂತು, ಒಂದು ಡಾಲರೂ ಬರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಎರಡೂ ದಿನಾಂಕ ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ಲೆಕ್ಕವನ್ನು ನಾಲ್ಕೂ ವರ್ಷಕ್ಕೆ ಹಾಕಿ. ಟ್ಯೂಷನ್ ವರ್ಷ ವರ್ಷ ಏರುತ್ತದೆ, ಸ್ಕಾಲರ್‌ಶಿಪ್ ಮೊತ್ತ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಉಳಿಸಿಕೊಳ್ಳಲು ಜಿಪಿಎ 3.0 ಕೇಳುವ ಕಡೆ ಜಾಸ್ತಿ. ಇಂಜಿನಿಯರಿಂಗ್‌ನಲ್ಲಿ ಮೊದಲ ವರ್ಷ ಅದೂ ಸುಲಭ ಅಲ್ಲ. ಸ್ಕಾಲರ್‌ಶಿಪ್ ದುಡ್ಡು ಊಟ, ಹಾಸ್ಟೆಲ್‌ಗೆ ಹೋದರೆ ಆ ಭಾಗಕ್ಕೆ ತೆರಿಗೆಯೂ ಬೀಳುತ್ತದೆ.

ವಿಮಾನದ ಟಿಕೆಟ್ಟಿನ ಕಾಲಂ ಹಾಕಿದ್ದು ಮಗಳು. ನಾವು ಮರೆತೇ ಬಿಟ್ಟಿದ್ದೆವು. ವರ್ಷಕ್ಕೆ ಮೂರು ಸಲ ಅಂತ ಅವಳು ಬರೆದಿದ್ದಳು, ನಾನು ನಾಲ್ಕು ಮಾಡಿದೆ.